ಪುಕ್ಕಟೆ ಕಾವಲು

ಸೋಮವಾರ ಘಟಪ್ರಭಾದ ಝೆರಾಕ್ಸ್ ಅಂಗಡಿಯಿಂದ ಪೆನ್‌ಡ್ರೈವ್ ತಂದು ಮನೆಯ ಕಂಪ್ಯೂಟರಿಗೆ ಹಾಕಿದೆ. ಸಂಜೆಯ ಹೊತ್ತಿಗೆ ನನ್ನ ಫೋಲ್ಡರುಗಳೆಲ್ಲ ಹೆಸರು ಮಾತ್ರ ಉಳಿಸಿಕೊಂಡು ಒಳಗಿನದನ್ನು ಕಳೆದುಕೊಂಡಿದ್ದವು. ಯಾವುದನ್ನು ಒತ್ತಿದರೂ ಒಂದು ಕಪ್ಪು ಕಿಟಕಿ ಚಕ್ಕನೆ ತೆರೆದು ಮುಚ್ಚುತ್ತಿತ್ತು.

ಅವುಗಳಲ್ಲೊಂದಕ್ಕೆ 'ಅಡಿಗೆ' ಎಂದು ಹೆಸರಿಟ್ಟಿದ್ದೆ. ಅದರಲ್ಲಿದ್ದದ್ದು ನನ್ನ ಎಂ.ಎ. ಅಂಕಪಟ್ಟಿಗಳು, ಪ್ರಮಾಣಪತ್ರಗಳು ಮತ್ತು ಹುಕ್ಕೇರಿಯ ಒಂದು ಖಾಸಗಿ ಪದವಿ ಕಾಲೇಜಿಗೆ ಬರೆದ ಅರ್ಜಿ. ಶುಕ್ರವಾರ ಸಂಜೆ ಐದರೊಳಗೆ ಅವೆಲ್ಲ ಆ ಕಾಲೇಜಿಗೆ ಮೇಲ್‌ನಲ್ಲಿ ತಲುಪಬೇಕಿತ್ತು.

ಮೂಲ ಪ್ರತಿಗಳು ಅತ್ತೆಯ ತಿಜೋರಿಯಲ್ಲಿದ್ದವು, ಕೀಲಿ ಅವರ ಸೊಂಟದಲ್ಲಿ. ಮಗಳನ್ನು ಶಾಲೆಗೆ ಸೇರಿಸುವಾಗ ತಿಜೋರಿ ತೆರೆದ ದಿನ, ಅವಳ ಕಾಗದಗಳ ಜೊತೆಗೆ ನನ್ನವನ್ನೂ ಒಯ್ದು ಸ್ಕ್ಯಾನ್ ಮಾಡಿಸಿದ್ದೆ. ಈಗ ಮತ್ತೆ ಕೇಳಿದರೆ ಅತ್ತೆ ಶಿವಗಂಗವ್ವ ಕೊಡುವುದಿಲ್ಲ ಎಂದೇನಲ್ಲ. ಕೊಡುತ್ತಾರೆ. ಕೊಡುವ ಮುಂಚೆ ಒಂದೇ ಮಾತು ಕೇಳುತ್ತಾರೆ: "ಯಾಕವ್ವಾ, ಇಲ್ಲೇನ್ ಕಡಿಮಿ ಆಗೈತಿ?"

ಮೂರು ವರ್ಷದ ಹಿಂದೆ ಗೋಕಾಕದಲ್ಲಿ ಪಾಠ ಮಾಡುವ ಕೆಲಸ ಸಿಕ್ಕಾಗಲೂ ಅದನ್ನೇ ಕೇಳಿದ್ದರು. ನಾನು ಉತ್ತರ ಹೊಂದಿಸಿಕೊಳ್ಳುವಷ್ಟರಲ್ಲಿ ಆ ಕೆಲಸ ಬೇರೆಯವರ ಪಾಲಾಯಿತು. ಈ ಮನೆಯಲ್ಲಿ ನನ್ನನ್ನು ಯಾರೂ ಗದರಿಸುವುದಿಲ್ಲ. ಗದರಿಸಿದ್ದರೆ ತಿರುಗಿ ಮಾತಾಡಬಹುದಿತ್ತು. ಗಂಡ ಶಿದ್ರಾಮರಿಗೂ ಈ ಸಲ ಹೇಳಿರಲಿಲ್ಲ. ಅವರು ಗೋಕಾಕದ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ, ಒಳ್ಳೆಯವರು. ಅವ್ವನಿಂದ ಏನನ್ನೂ ಮುಚ್ಚಿಡಲು ಅವರಿಗೆ ಬರುವುದಿಲ್ಲ.

ಕುಲಗೋಡದ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರುವುದು ಪಡಸಾಲೆಯಲ್ಲಿ, ಪರದೆ ಬಾಗಿಲಿಗೆ ಎದುರಾಗಿ. ನಾನು ಸುತ್ತಲಿನ ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತೇನೆ. ಹೋಗಿಬರುವವರೆಲ್ಲ ಒಂದು ಕ್ಷಣ ನಿಂತು ಪರದೆ ನೋಡುತ್ತಾರೆ. ಅತ್ತೆಯ ಬಳೆ, ಮಾವನ ಚಪ್ಪಲಿ, ಎದುರುಮನೆ ಸತ್ತೆವ್ವನ ಕೆಮ್ಮು, ಇವೆಲ್ಲ ಎಷ್ಟು ಹೆಜ್ಜೆ ದೂರದಲ್ಲಿವೆ ಎಂದು ನನ್ನ ಕಿವಿಗೆ ಗೊತ್ತು.

ಕಂಪ್ಯೂಟರಿನ ಜೊತೆ ಬಂದಿದ್ದ ಆಂಟಿವೈರಸ್ಸಿನ ಅವಧಿ ಎಂದೋ ಮುಗಿದಿತ್ತು. ದುಡ್ಡು ಕೇಳಿದರೆ ಯಾಕೆ ಎಂದು ಹೇಳಬೇಕಾಗುತ್ತದೆ. ಹಾಗಾಗಿ ಪುಕ್ಕಟೆ ಸಿಗುವುದನ್ನೇ ಹುಡುಕಿದೆ. ಮೂರು ದಿನ ಮಧ್ಯಾಹ್ನ, ಅತ್ತೆ ಮಲಗಿದಾಗ, ಓದಿದೆ. ಒಂದು, ಗಳಿಗೆಗೊಮ್ಮೆ ಜಾಹೀರಾತು ತೋರಿಸುತ್ತಿತ್ತು. ಇನ್ನೊಂದು ಫೋನ್ ನಂಬರ್ ಕೇಳಿತು. ಅವರು ಫೋನ್ ಮಾಡಿ, ಅದನ್ನು ಬೇರೆ ಯಾರಾದರೂ ಎತ್ತಿದರೆ? ಮತ್ತೊಂದು, ಮನೆಯವರು ಏನೇನು ತೆರೆದರೆಂದು ವಾರಕ್ಕೊಮ್ಮೆ ಯಜಮಾನನಿಗೆ ವರದಿ ಕಳಿಸುತ್ತೇನೆ ಎಂದು ಹೆಮ್ಮೆಯಿಂದ ಹೇಳಿಕೊಂಡಿತ್ತು. ಅದನ್ನು ಓದಿ ಆ ಪುಟವನ್ನು ಬೇಗ ಮುಚ್ಚಿದೆ. ಕೊನೆಗೆ, ಹೆಸರನ್ನೂ ಕೇಳದ ಒಂದು ಸಿಕ್ಕಿತು. ಕಂಪನಿಯ ಸ್ವಂತ ಜಾಲತಾಣದಿಂದಲೇ ಅದನ್ನು ಇಳಿಸಿಕೊಂಡೆ.

ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಅದನ್ನು ಹಾಕಿ ತಪಾಸಣೆ ಶುರು ಮಾಡಿದೆ. ಮೂರು ಗಂಟೆಗೆ ನೂರಕ್ಕೆ ನಲವತ್ತು ಮುಗಿದಿತ್ತು. ಆಗ ಮಾವ ಕೆಂಚಪ್ಪ ಹೊಲದಿಂದ ಬಂದು, ಕೈಕಾಲು ತೊಳೆದು ಹಿಂದೆ ನಿಂತರು.

"ಏನವ್ವಾ ಗೌರವ್ವಾ, ಹಸರು ಗೆರಿ ಓಡಾಕತ್ತೈತಿ?"

"ವೈರಸ್ ಹುಡುಕಾಕತ್ತೈತ್ರಿ ಮಾವಾರ. ಆಂಟಿವೈರಸ್."

"ಎಷ್ಟ ಕೊಟ್ಟಿ?"

"ಪುಕ್ಕಟೆ ಐತ್ರಿ."

"ಪುಕ್ಕಟೆ?" ಅವರು ಕುರ್ಚಿ ಎಳೆದುಕೊಂಡು ಕುಳಿತರು. "ಮತ್ತ ಅವರ ಹೊಟ್ಟಿ ಹ್ಯಾಂಗ ತುಂಬತೈತಿ?"

"ದೊಡ್ಡ ಕಂಪನಿಗೊಳಿಗೆ ಮಾರ್ತಾರ್ರಿ. ಮನಿ ಮಂದಿಗೆ ಹಂಗ ಕೊಡ್ತಾರ" ಎಂದೆ.

"ಅದು ಸರಿ ಅಲ್ಲ ಬಿಡು. ಯಾರೋ ಕುಂತು ದುಡದಾರ. ನಾವು ಹಂಗ ತಗೋಳೂದಂದ್ರ?"

ಮಾವ ಹಾಗೆಯೇ. ಸತ್ತೆವ್ವ ಒಂದು ಬಟ್ಟಲು ಪುಂಡಿಪಲ್ಯ ಕಳಿಸಿದರೆ ಆ ಬಟ್ಟಲನ್ನು ಬರಿದಾಗಿ ವಾಪಸು ಕಳಿಸಲು ಬಿಡುವುದಿಲ್ಲ. ನಾಲ್ಕು ಹಸಿಮೆಣಸಿನಕಾಯಿಯಾದರೂ ಹಾಕಬೇಕು. ಕಾಯಕ ಮಾಡಿದವನಿಗೆ ಅವನ ಪಾಲು ಹೋಗಬೇಕು ಎನ್ನುವುದನ್ನು ಅವರು ಮಾತಾಗಿ ಹೇಳುವುದು ಕಡಿಮೆ, ಮಾಡಿಯೇ ತೋರಿಸುವುದು. ಒಳಗಿನಿಂದ ಅತ್ತೆ ಕರೆದರು. ಸಂಜೆ ಮುಗಳಖೋಡದಿಂದ ನೆಂಟರು ಬರುವವರಿದ್ದರು, ರೊಟ್ಟಿ ಬಡಿಯಬೇಕಿತ್ತು.

ಹನ್ನೆರಡು ರೊಟ್ಟಿ ಆಗುವವರೆಗೂ ಕಿವಿಯನ್ನು ಪಡಸಾಲೆಯಲ್ಲೇ ಇಟ್ಟಿದ್ದೆ. ಮಾವ ಫೋನಿನಲ್ಲಿ ಮಾತಾಡುತ್ತಿದ್ದರು. ಯಾರೋ ಬೀಜದ ವ್ಯಾಪಾರಿ ಇರಬೇಕೆಂದುಕೊಂಡೆ. ಆಮೇಲೆ ಅವರ ಹರಕು ಹಿಂದಿ ಕೇಳಿಸಿತು: "ಹಾಂ ಜೀ ಸಾಹೇಬ, ನಂಬರ್ ದಿಖತಾ ಹೈ. ನೌ... ಚಾರ್... ಚಾರ್..."

ಕೈಯ ಹಿಟ್ಟು ತೊಳೆಯದೆ ಓಡಿಬಂದೆ.

ಮಾವ ಕಂಪ್ಯೂಟರಿನ ಮುಂದೆ ಕುಳಿತಿದ್ದರು, ಫೋನ್ ಸ್ಪೀಕರಿನಲ್ಲಿತ್ತು. ಅವರ ಎರಡೂ ಕೈ ತೊಡೆಯ ಮೇಲಿದ್ದವು. ಪರದೆಯ ಮೇಲೆ ಮೌಸಿನ ಬಾಣ ತಾನೇ ತಾನಾಗಿ ಓಡಾಡುತ್ತಿತ್ತು.

"ನೋಡ್ ಬಾ ಗೌರವ್ವಾ! ಅಂವ ಎಲ್ಲೋ ಕುಂತಾನ, ಇಲ್ಲೆ ಕೈ ಆಡಸಾಕತ್ತಾನ! ಅಂವ ಹೇಳಿದ ಆ್ಯಪ್ ಹಾಕಿ, ಅದರ ನಂಬರ್ ಹೇಳಿದ್ನಿ, ಅಷ್ಟ. ಆ ವೈರಸ್ ಕಂಪನಿಯಂವ. ಫೋನಿಗೆ ಬಾಯಿಲೆ ಕೇಳಿದ್ನಿ, ನಂಬರ್ ತಾನ ಕೊಡ್ತು. ರೊಕ್ಕ ಕೊಡ್ತೇನಿ ತಗೋರಿ ಅಂದ್ರ ಬಾಳ ಖುಷಿ ಆದ."

ಖುಷಿಯಾಗದೆ ಏನು? ಪುಕ್ಕಟೆ ಕೊಟ್ಟ ವಸ್ತುವಿಗೆ ದುಡ್ಡು ಕೊಡುತ್ತೇನೆಂದು ತಾನಾಗಿ ಫೋನ್ ಮಾಡುವವರು ಆ ಕಳ್ಳನಿಗೆ ಜನ್ಮದಲ್ಲಿ ಸಿಕ್ಕಿರಲಿಕ್ಕಿಲ್ಲ.

"ಮಾವಾರ, ಅಂವ ಕಂಪನಿಯಂವ ಅಲ್ರಿ. ಫೋನ್ ಇಡ್ರಿ."

"ಏ, ಸುಮ್ನಿರು. ಸಾಹೇಬ ಅಂತ ಮಾತಾಡಸಾಕತ್ತಾನ. ಒಂದ ರೂಪಾಯಿ ಮೊದಲ ಹಾಕ್ರಿ ಅಂದಾನ, ಒಂದ! ಕಳ್ಳ ಒಂದ ರೂಪಾಯಿ ಕೇಳ್ತಾನೇನು?"

ಫೋನಿನ ದನಿ, ಆ ಹೆಂಗಸು ಯಾರು, ಕಂಪ್ಯೂಟರ್ ಮುಟ್ಟಬೇಡಿ ಎನ್ನಿ, ಮುಟ್ಟಿದರೆ ಎಲ್ಲ ಹಾಳಾಗುತ್ತದೆ ಎಂದಿತು. ಮಾವ ನನ್ನತ್ತ ಕೈ ತೋರಿಸಿ ತಡೆದರು. ತಪಾಸಣೆ ನೂರಕ್ಕೆ ಎಂಬತ್ತೊಂದಕ್ಕೆ ಬಂದಿತ್ತು. ಗಡಿಯಾರದಲ್ಲಿ ನಾಲ್ಕು ಗಂಟೆ ಐದು ನಿಮಿಷ. ಕರೆಂಟಿನ ಬಟನ್ ಆರಿಸಿದರೆ ಕಳ್ಳ ಹೋಗುತ್ತಾನೆ, ಜೊತೆಗೆ ತಪಾಸಣೆಯೂ ನಿಲ್ಲುತ್ತದೆ. ಐದರೊಳಗೆ ಮತ್ತೆ ಮೊದಲಿನಿಂದ ಆಗದು. ಆರಿಸದಿದ್ದರೆ ಮಾವನ ಬ್ಯಾಂಕಿನ ಖಾತೆ.

ಬಾಣ ಒಂದೊಂದೇ ಫೋಲ್ಡರಿನ ಮೇಲೆ ಹೋಗಿ ನಿಲ್ಲುತ್ತಿತ್ತು. 'ಪ್ರಶ್ನೆಪತ್ರಿಕೆ' ತೆರೆಯಿತು, ಮುಚ್ಚಿತು. 'ಅಡಿಗೆ' ತೆರೆಯಿತು. ಈ ಸಲ ಕಪ್ಪು ಕಿಟಕಿ ಬರಲಿಲ್ಲ. ನನ್ನ ಫೈಲುಗಳೆಲ್ಲ ಸಾಲಾಗಿ ಕೂತಿದ್ದವು. ಔಷಧಿ ಅಲ್ಲಿವರೆಗೆ ತಲುಪಿತ್ತು. ನನಗೆ ಸಂತೋಷವಾಗಬೇಕಿತ್ತು. ಬಾಣ ಮೊದಲನೆಯದನ್ನು ಒತ್ತಿತು. ಪರದೆಯ ತುಂಬ ನನ್ನ ಅರ್ಜಿ, ಮೂಲೆಯಲ್ಲಿ ನನ್ನ ಫೋಟೊ.

ಮಾವ ಕನ್ನಡಕ ಸರಿಮಾಡಿಕೊಂಡರು. "ಹುಕ್ಕೇರಿ..." ಎಂದು ಮೆಲ್ಲಗೆ ಓದಿದರು.

ಫೋನು, ಬ್ಯಾಂಕಿನಿಂದ ಬರುವ ನಂಬರ್ ಓದಿ ಹೇಳಿ ಎನ್ನುತ್ತಿತ್ತು. ಮಾವನ ಫೋನಿಗೆ ಟಣ್ ಎಂದು ಮೆಸೇಜು ಬಂತು. ಅವರು ಅರ್ಜಿಯಿಂದ ಕಣ್ಣು ಕೀಳದೆಯೇ, ಅಭ್ಯಾಸದಂತೆ, ಫೋನನ್ನು ಎತ್ತಿಕೊಂಡರು.

ನಾನು ಬಗ್ಗಿ, ಕಂಪ್ಯೂಟರಿನ ಹಿಂದಿನಿಂದ ಇಂಟರ್ನೆಟ್ಟಿನ ತೆಳು ವಾಯರನ್ನು ಕಿತ್ತೆ. ಬಾಣ ಇದ್ದಲ್ಲೇ ನಿಂತಿತು. ಹಸಿರು ಗೆರೆ ಓಡುತ್ತಲೇ ಇತ್ತು.

ಫೋನಿನ ದನಿ ಒಮ್ಮೆಲೇ ಬದಲಾಯಿತು. ಬುಡ್ಢೇ ಎಂದಿತು, ನಂಬರ್ ಹೇಳು ಎಂದು ಕೂಗಿತು, ಆಮೇಲೆ ಅವರ ತಾಯಿಯನ್ನು ಹಿಡಿದು ಬೈಯಿತು. ಮಾವ ಫೋನನ್ನು ಮೈಯಿಂದ ದೂರ ಹಿಡಿದು ನೋಡಿದರು, ಅದು ಕಚ್ಚೀತೆಂಬಂತೆ. ನಾನೇ ಅದನ್ನು ಆರಿಸಿದೆ. ಫೋನಿನ ಪರದೆಯ ಮೇಲೆ ನನ್ನ ಜೋಳದ ಹಿಟ್ಟಿನ ಬೆರಳಚ್ಚು ಮೂಡಿತು.

"ಬ್ಯಾಂಕಿನ ನಂಬರ್ ಹೇಳಿದ್ರೇನ್ರಿ?"

"ಇಲ್ಲ." ಅವರ ಮುಖ ಸಣ್ಣದಾಗಿತ್ತು. "ಇದನ್ನ ನಿಮ್ಮತ್ತಿ ಮುಂದ ಹೇಳಬ್ಯಾಡವಾ. ಸಾಯೂ ತನಕ ಆಡಕೋತಾಳ" ಎಂದರು.

"ಇಲ್ರಿ."

"ಮತ್ತ ಅದು?" ಅರ್ಜಿಯ ಕಡೆ ಗದ್ದ ತೋರಿಸಿದರು.

"ಕೆಲಸಕ್ರಿ. ಇವತ್ತ ಐದಕ್ಕ ಕಡೀ ಟೈಮ್."

"ಇಲ್ಲಿಂದ ದಿನಾ ಹೋಗಿಬರಾಕ ಆಗೂದಿಲ್ಲ."

"ವಾರದಾಗ ಐದ ದಿನಾ ಅಲ್ಲೇ ಹತ್ರ ಕಣಗಲಾದಾಗ ನಮ್ಮವ್ವನ ಮನ್ಯಾಗ ಇರ್ತೇನ್ರಿ. ಮಗಳನ್ನೂ ಅಲ್ಲೇ ಸಾಲಿಗೆ ಹಾಕ್ತೇನಿ." ಇದನ್ನು ಯಾರಿಗೂ ಇದುವರೆಗೆ ಜೋರಾಗಿ ಹೇಳಿರಲಿಲ್ಲ. ಹೇಳಿದಾಗ ಅದು ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು.

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ರಾತ್ರಿ ಶಿದ್ರಾಮ ಬರಲಿ. ಎಲ್ಲಾರೂ ಕುಂತು ಮಾತಾಡೂಣು. ಆಮ್ಯಾಲ ಕಳಿಸೀಯಂತ."

ಎಷ್ಟು ಮೆತ್ತಗೆ ಹೇಳಿದರು! ಗೋಕಾಕದ ಕೆಲಸವೂ ಇಷ್ಟೇ ಮೆತ್ತಗೆ ಹೋಗಿತ್ತು.

"ಮಾವಾರ," ಎಂದೆ, "ಕುಂತು ಮಾತಾಡೂದಾದ್ರ ಇವತ್ತ ಆದದ್ದೆಲ್ಲಾ ಮಾತಾಡಬೇಕಾಗತೈತ್ರಿ."

ಮಾತು ಬಾಯಿಂದ ಬಿದ್ದ ಮೇಲೆ ಅದರ ರೂಪ ನನಗೆ ಕಂಡಿತು. ಮಾತುಗಳನ್ನು ತೂಗಿ ಆಡುವವಳು ನಾನು. ಇದನ್ನೂ ತೂಗಿಯೇ ಆಡಿದ್ದೆ. ಬಟ್ಟಲಲ್ಲಿ ಮೆಣಸಿನಕಾಯಿ ಇಡುವ ಆ ಮನುಷ್ಯ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದರು. ಆಮೇಲೆ ಎದ್ದು ಕುರ್ಚಿ ಬಿಟ್ಟುಕೊಟ್ಟರು.

ತಪಾಸಣೆ ನಾಲ್ಕೂವರೆಗೆ ಮುಗಿಯಿತು. ಮಾವ ಇಳಿಸಿಕೊಂಡಿದ್ದ, ದೂರದಿಂದ ಕೈಯಾಡಿಸುವ ಆ ಆ್ಯಪನ್ನು ಪಟ್ಟಿಯಲ್ಲಿ ಹುಡುಕಿ ಕಿತ್ತುಹಾಕಿದೆ. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದೆ. ವಾಯರನ್ನು ಮತ್ತೆ ಚುಚ್ಚಿ, ಬಾಣ ತಾನಾಗಿ ಚಲಿಸುತ್ತದೆಯೇ ಎಂದು ಪೂರಾ ಒಂದು ನಿಮಿಷ ಕಾದೆ. ಚಲಿಸಲಿಲ್ಲ. ಮಾವ ನನ್ನ ಹಿಂದೆಯೇ ನಿಂತಿದ್ದರು. ಅವರ ಉಸಿರು ಕೇಳಿಸುತ್ತಿತ್ತು. ಒಂದೊಂದು ಅಂಕಪಟ್ಟಿ ಏರುವುದನ್ನೂ ಅವರು ನೋಡಿದರು. ಬೇಡವೆಂದೂ ಅನ್ನಲಿಲ್ಲ, ಕಳಿಸೆಂದೂ ಅನ್ನಲಿಲ್ಲ. ನಾಲ್ಕು ಗಂಟೆ ಐವತ್ತೊಂದಕ್ಕೆ ಮೇಲ್ ಹೋಯಿತು.

"ಕರದ್ರ ಹೋಗ್ತಿ?" ಎಂದರು.

"ಹೋಗ್ತೇನ್ರಿ."

ಬಳೆಯ ಸದ್ದು. ಅತ್ತೆ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದರು, ಕೈಯಲ್ಲಿ ಚಹಾದ ಕಪ್ಪುಗಳು.

"ಹಂಚಿನ ಮ್ಯಾಲ ರೊಟ್ಟಿ ಬಿಟ್ಟು ಬಂದಿ, ಸುಟ್ಟು ಕರಕ ಆತು. ಏನ್ ಮಾಡಾಕತ್ತೀರಿ ಇಬ್ಬರೂ ಇಷ್ಟೊತ್ತು?"

ಮಾವ ಮುಂದೆ ಹೋಗಿ ಕಪ್ಪು ಇಸಿದುಕೊಂಡರು.

"ಏನಿಲ್ಲ. ವೈರಸ್ ತಗ್ಯಾಕತ್ತಿದ್ವಿ. ಎಲ್ಲಾ ಚೊಕ್ಕ ಆತು."

ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇನ್ನೊಂದು ಕಪ್ಪನ್ನು ಅವರೇ ತಂದು ನನ್ನ ಕೈಗೆ ಕೊಟ್ಟರು, ಮುಖ ನೋಡದೆ. ಅತ್ತೆ ನಗುತ್ತ, ಕಳಿಸಿದ ಮೇಲ್ ಇನ್ನೂ ತೆರೆದೇ ಇದ್ದ ಪರದೆಯ ಮುಂದೆ ಬಂದು ನಿಂತರು, ಎಂದಿನಂತೆ, ಒಂದು ಕ್ಷಣ.