ಬಿಲ್ಲೆ ಬದಲಾಯಿತು, ಬಟ್ಟೆ ಬದಲಾಗಲಿಲ್ಲ

ತಪ್ಪೊಪ್ಪಿಗೆಯ ಕಾಗದ ಆಗಲೇ ಟೈಪಾಗಿತ್ತು. ಸಹಿಯೊಂದೇ ಬಾಕಿ.

"ಹಾಕಮ್ಮ, ಮುಗಿಸು. ಇಲ್ಲಾಂದ್ರೆ ಸೋಮವಾರದಿಂದ ಬರೋದೇ ಬೇಡ," ಎಂದರು ಗಣಿ ಕಚೇರಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಶ್ರೀನಿವಾಸಪ್ಪ.

ಕದಿರಮ್ಮ ಪೆನ್ನು ಮುಟ್ಟಲಿಲ್ಲ. ಬೂದಿಕೋಟೆಯಿಂದ ಬಸ್ಸು, ಬಂಗಾರಪೇಟೆಯಿಂದ ರೈಲು ಹಿಡಿದು ಬಂದು ಎರಡು ವರ್ಷದಿಂದ ಈ ಯುನಿಕ್ಸ್ ಕಂಪ್ಯೂಟರಿನ ಮುಂದೆ ಕೂತವಳು ಅವಳು. ಆ ಬೆಳಿಗ್ಗೆ ಅಚ್ಚಾದ ಪಾಳಿ ಪಟ್ಟಿಯಲ್ಲಿ ಹೋದ ವರ್ಷ ನಿವೃತ್ತರಾದವರ ಹೆಸರುಗಳಿದ್ದವು. ಪಟ್ಟಿಯಲ್ಲಿ ಹೆಸರಿಲ್ಲದ ಹೊಸಬರು ದೀಪ ಸಿಗದೆ ಗಣಿ ಬಾಯಲ್ಲಿ ಒಂದು ಗಂಟೆ ನಿಂತಿದ್ದರು. ತಪ್ಪು ಅವಳದಂತೆ.

"ಪಟ್ಟಿ ತೆಗೆದೋರು ನೀವು ಸಾರ್."

"ಪಾಳಿ ಪಟ್ಟಿಗಂತಲೇ ಇರೋ ನಿನ್ನ 'ಶಿಫ್ಟ್' ಯೂಸರ್‌ಗೆ ಬದಲಾಗಿಯೇ ತೆಗೆದದ್ದು. ಪ್ರೋಗ್ರಾಂ ನಿಂದೇ."

"ಅಂಗಾದ್ರೆ ಇನ್ನೊಂದ್ಸಲ ತೆಗೀರಿ. ಕುಪ್ಪುಸ್ವಾಮಣ್ಣನೂ ನೋಡ್ಲಿ."

ಕಾರ್ಮಿಕರ ನಂಬರು ಬಿಲ್ಲೆ ನೋಡಿ ದೀಪ ಕೊಡುವ ಕೋಣೆಯ ಕುಪ್ಪುಸ್ವಾಮಿ ತಪ್ಪು ಪಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಶ್ರೀನಿವಾಸಪ್ಪ ತಮ್ಮ ಹೆಸರಲ್ಲಿ ಲಾಗಿನ್ ಆದರು. ಆಮೇಲೆ ಯೂಸರ್ ಬದಲಿಸುವ ಆಜ್ಞೆಯಾದ 'ಎಸ್‌ಯು ಶಿಫ್ಟ್' ಎಂದು ಒತ್ತಿ ಪಾಸ್‌ವರ್ಡ್ ಕೊಟ್ಟರು. "ನೋಡು, ಈಗ ಮೆಷಿನ್‌ಗೆ ನಾನೇ ಶಿಫ್ಟ್."

"ಬದಲಾಗಿದ್ದು ಎಸರು ಮಾತ್ರ ಸಾರ್. ಪ್ರೋಗ್ರಾಮನ್ನ ಮೊದಲು ಎಲ್ಲಿ, ಆಮೇಲೆ ಎಲ್ಲಿ ಹುಡುಕ್ತದೆ ಅನ್ನೋ ದಾರಿ, ಅದೇ ಪಾತ್, ಕೇಳಿ ನೋಡಿ."

ಪರದೆಯ ಮೇಲೆ ಮೊದಲು ಬಂದದ್ದು ಶ್ರೀನಿವಾಸಪ್ಪನವರದೇ ಡೈರೆಕ್ಟರಿ. ಹೋದ ವರ್ಷ ಕಲಿಯಲೆಂದು ಅವರು ನಕಲು ಮಾಡಿಟ್ಟ ಅವಳದೇ ಪ್ರೋಗ್ರಾಂ, ಹಳೆಯ ಹೆಸರುಗಳ ಸಮೇತ, ಅಲ್ಲೇ ಕೂತಿತ್ತು. ಬೆಳಿಗ್ಗೆ ಓಡಿದ್ದು ಅದೇ.

"ಎಸ್‌ಯುಗೂ ಶಿಫ್ಟ್‌ಗೂ ನಡುವೆ ಒಂದು ಅಡ್ಡಗೀಟು ಆಕಿದ್ರೆ ಹೊಸದಾಗಿ ಲಾಗಿನ್ ಆದಂಗೆ. ಶಿಫ್ಟ್‌ನ ಏರ್ಪಾಡೆಲ್ಲ ಬರೆದಿರೋ ಪ್ರೊಫೈಲ್ ಓದ್ಕೊಂಡೇ ಒಳಕ್ಕೆ ಬಿಡ್ತದೆ. ಇಲ್ದಿದ್ರೆ ನಿಮ್ಮದೆಲ್ಲ ನಿಮ್ಮ ಬೆನ್ನಿಗೇ ಬತ್ತದೆ," ಎಂದಳು ಕದಿರಮ್ಮ.

ಕುಪ್ಪುಸ್ವಾಮಿ ನಕ್ಕ. "ಇನ್ನೊಬ್ಬನ ಬಿಲ್ಲೆ ಈಸ್ಕೊಂಡು, ಬಟ್ಟೆ ಬದಲಾಯ್ಸೋ ಕೋಣೆಗೇ ಓಗ್ದೆ, ಮನೆ ಪಂಚೇಲಿ ಗಣಿಗಿಳಿದಂಗಾಯ್ತಲ್ಲ ಸಾರ್!"

ಕದಿರಮ್ಮ ಶಿಫ್ಟ್ ಹೆಸರಿನಿಂದ ಹೊರಬಂದು, ಅಡ್ಡಗೀಟು ಸೇರಿಸಿ ಮತ್ತೆ ಒತ್ತಿ ಪ್ರೋಗ್ರಾಂ ಓಡಿಸಿದಳು. ಸರಿಯಾದ ಪಟ್ಟಿ ಗರಗರನೆ ಅಚ್ಚಾಯಿತು.

ಶ್ರೀನಿವಾಸಪ್ಪ ತಪ್ಪೊಪ್ಪಿಗೆಯ ಕಾಗದವನ್ನು ಮತ್ತೆ ಅವಳ ಮುಂದೆ ಸರಿಸಿದರು. "ಸರಿ ಕಣಮ್ಮ. ಆದ್ರೆ ತಪ್ಪು ನಿಂದೂಂತ ಸೂಪರಿಂಟೆಂಡೆಂಟ್‌ಗೆ ಹೇಳಾಗಿದೆ. ಒಂದು ಸಹಿ ತಾನೆ? ನನ್ನ ಮರ್ಯಾದೆ ಉಳಿಸು."

"ನನ್ನದನ್ನ ಯಾರು ಉಳಿಸ್ತಾರೆ ಸಾರ್?"

ಅವಳು ಕಾಗದ ಮಗುಚಿ, ನಡೆದದ್ದನ್ನು ಹಿಂಬದಿಯಲ್ಲಿ ಬರೆದಳು. ಯಾರು ಒತ್ತಿದ್ದು, ಏನು ಬಿಟ್ಟಿದ್ದು, ಎಲ್ಲ. ಅದರ ಕೆಳಗೆ ಸಹಿ ಹಾಕಿದಳು. ಕುಪ್ಪುಸ್ವಾಮಿ ಯಾರೂ ಕೇಳದೆಯೇ ಮುಂದೆ ಬಂದು ಸಾಕ್ಷಿಯಾಗಿ ತಮಿಳಿನಲ್ಲಿ ತನ್ನ ಹೆಸರು ಗೀಚಿದ.

"ಸೂಪರಿಂಟೆಂಡೆಂಟ್‌ಗೆ ಇದನ್ನ ನಾನೇ ಕೊಟ್ಟು ಬತ್ತೀನಿ," ಎಂದು ಎದ್ದಳು. "ಸೋಮವಾರ ಯಾವಾಗ್ಲೂ ಬರೋ ರೈಲಿಗೇ ಬತ್ತೀನಿ. ನನ್ನ ಕುರ್ಚಿ ಖಾಲಿ ಇರ್ಲಿ ಸಾರ್."