ಬಾಗಿಲ ಒಳಗಿನ ತಟ್ಟೆ

ಬೆಳಗಿನ ಪ್ರಾರ್ಥನೆ ಮುಗಿಸಿ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳಷ್ಟೆ, ತಮ್ಮ ಪತ್ರಿಕೆ ಹಿಡಿದುಕೊಂಡು ಅಂಗಡಿಯೊಳಗೆ ಬಂದ. ಅರವತ್ತು ದಾಟಿದ ಕಾದಂಬರಿಕಾರ; ನಡಿಗೆ ಮಾತ್ರ ಬಹುಮಾನ ಗೆದ್ದ ಶಾಲಾ ಹುಡುಗನದು.

"ಅಕ್ಕಾ, ನಮ್ಮ ಸಿನಿಮಾದ ವಿಮರ್ಶೆ ಬಂದಿದೆ."

"ನೀನೇ ಓದು. ಈ ಕನ್ನಡಕಕ್ಕೆ ಸೂಜಿಯ ಕಣ್ಣು ಕಂಡರೇ ಪುಣ್ಯ."

ಮೂವತ್ತು ವರ್ಷದ ಹಿಂದೆ ಅವನು ಬರೆದ ಕಾದಂಬರಿಯೇ ಈಗ ಸಿನಿಮಾ ಆಗಿತ್ತು; ಅದರಲ್ಲಿದ್ದದ್ದು ಅವರಿಬ್ಬರದೇ ಕಥೆ. ಬಟ್ಟೆ ಹೊಲಿದು ತಮ್ಮನನ್ನು ಓದಿಸುವ ಅಕ್ಕ. ಪರೀಕ್ಷೆಗೆ ಹೆದರಿ, ಇನ್ನೂ ಕೆಲವು ವಿಷಯ ಬಾಕಿ ಇರುವಾಗಲೇ ಮನೆಗೆ ಓಡಿಬರುವ ತಮ್ಮ. ಅಕ್ಕ ಬಾಗಿಲು ತೆಗೆಯುವುದಿಲ್ಲ. "ಉಳಿದದ್ದು ಬರೆದು ಬಾ" ಎಂದು ಒಳಗಿಂದಲೇ ಹೇಳುತ್ತಾಳೆ. ಅವನು ಬಿಸಿಲಲ್ಲಿ ನಿಂತು ನಿಂತು, ಹಸಿದ ಹೊಟ್ಟೆಯಲ್ಲೇ ಪರೀಕ್ಷೆ ಬರೆಯಲು ಹಿಂದಿರುಗುತ್ತಾನೆ. ಓದಿದವರೆಲ್ಲ ಆ ಪಾತ್ರವನ್ನು ಕೊಂಡಾಡಿದರು. ಓಣಿಯವರು ಅಕ್ಕನಿಗೆ "ಕಲ್ಲಕ್ಕ" ಎಂದು ಹೆಸರಿಟ್ಟರು. ಅವಳು ನಕ್ಕು, ಆ ಹೆಸರಿಗೂ ಓಗೊಡುತ್ತ ಬಂದಳು.

ತಮ್ಮ ಓದತೊಡಗಿದ. ಕಾದಂಬರಿ ಮೇರುಕೃತಿ, ಚಿತ್ರ ಅದರ ನೆರಳು ಎಂದು ವಿಮರ್ಶಕರು ಬರೆದಿದ್ದರು. "ಅಕ್ಕ ಬಾಗಿಲ ಹಿಂದೆ, ಬಡಿಸಿದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವ ದೃಶ್ಯ ಕಾದಂಬರಿಯಲ್ಲಿಲ್ಲ. ನಿರ್ದೇಶಕಿ ಸೇರಿಸಿದ ಈ ಅಗ್ಗದ ಕಣ್ಣೀರು ಮೂಲಕ್ಕೆ ಬಗೆದ ದ್ರೋಹ."

"ಸರಿಯಾಗೇ ಬರೆದಿದ್ದಾರೆ," ಎಂದ ತಮ್ಮ. "ಸಂಜೆ ಸಿನಿಮಾದ ಮೇಲೆ ಸಂವಾದ ಇದೆ. ನಾನೂ ಅದನ್ನೇ ಹೇಳೋನು. ಆ ಹುಡುಗಿ ತನ್ನ ತಲೆಯಿಂದ ಏನೇನೋ ತುರುಕಿದ್ದಾಳೆ."

ಯಂತ್ರ ನಿಂತಿತು.

"ಆ ಮಗೂನ ಬೈಬೇಡ್ವೋ. ಅವಳು ತುರುಕಿಲ್ಲ. ನಾನೇ ಹೇಳಿದ್ದು."

"ನೀನಾ?"

"ಸಿನಿಮಾ ತೆಗೆಯೋಕೆ ಮುಂಚೆ ಎಂಟು ದಿನ ಇಲ್ಲಿ ಬಂದು ಕೂತಿದ್ದಳು. ಗುಂಡಿ ಹೊಲಿದುಕೊಟ್ಟಳು. ಒಂದಾದರೂ ನೆಟ್ಟಗಿರಬೇಕಲ್ಲ! ಎಲ್ಲ ಬಿಚ್ಚಿ ನಾನೇ ಮತ್ತೆ ಹಾಕಿದೆ. ಹೋಗೋ ದಿನ, 'ಅವತ್ತು ಬಾಗಿಲ ಒಳಗೆ ಏನು ಮಾಡ್ತಿದ್ರಿ?' ಅಂತ ಕೇಳಿದಳು. ಹೇಳಿದೆ. ನೀನು ಬರೋದು ಕಿಟಕಿಯಿಂದ ಕಂಡಿತ್ತು; ಕಂಡ ಕೂಡಲೇ ಬಡಿಸಿಬಿಟ್ಟಿದ್ದೆ. ಆಮೇಲೆ ಹೊಳೀತು, ಪರೀಕ್ಷೆ ಮುಗಿದಿಲ್ಲವಲ್ಲ ಅಂತ. ಎದ್ದರೆ ಎಲ್ಲಿ ಬಾಗಿಲು ತೆಗೆದುಬಿಡ್ತೀನೋ ಅಂತ, ತಟ್ಟೆ ತೊಡೆ ಮೇಲಿಟ್ಟುಕೊಂಡು ಕೂತೆ."

ತಮ್ಮ ಪತ್ರಿಕೆಯನ್ನು ಮಡಿಸಿ ಕೆಳಗಿಟ್ಟ. "ನನಗ್ಯಾಕೆ ಹೇಳಲಿಲ್ಲ?" ಎಂದ.

"ನೀನು ಕೇಳಿದ್ದೆಯೇನೋ? ಎಲ್ಲ ಗೊತ್ತಿರೋನ ಹಾಗೆ ಬರೆದು, ಅಚ್ಚು ಹಾಕಿಸಿ, ಪುಸ್ತಕ ತಂದು ಕೈಗಿಟ್ಟೆ." ಅಕ್ಕ ಬಟ್ಟೆಯ ಅಂಚನ್ನು ಸವರಿದಳು. "ನನ್ನದು ಬಿಡು. ನಾನು ಹೇಳಿದ ಮಾತಿಗೆ ಆ ಮಗು ಬೈಸಿಕೊಳ್ಳಬಾರದು. ಅದೊಂದು ನೋಡಿಕೋ."

ಸಂಜೆ ಪುಟ್ಟ ಸಭಾಂಗಣ ತುಂಬಿತ್ತು. ಪತ್ರಿಕೆಯಲ್ಲಿ ಬರೆದಿದ್ದ ಆ ವಿಮರ್ಶಕರೇ ಮುಂದಿನ ಸಾಲಿನಿಂದ ಕೇಳಿಯೇಬಿಟ್ಟರು: "ಆ ತಟ್ಟೆಯ ಬಗ್ಗೆ ಮೂಲ ಲೇಖಕರು ಏನಂತಾರೆ?" ನಿರ್ದೇಶಕಿ ತಲೆ ತಗ್ಗಿಸಿದಳು.

ಕಾದಂಬರಿಕಾರ ಎದ್ದು ನಿಂತ. ಮನಸ್ಸಿನಲ್ಲೇ ದೇವರನ್ನು ನೆನೆದ.

"ಆ ತಟ್ಟೆ ನಿಜ. ನಾನು ಬಾಗಿಲ ಹೊರಗಿದ್ದೆ. ಹೊರಗಿದ್ದುಕೊಂಡೇ ಮೂವತ್ತು ವರ್ಷ ಹೊಗಳಿಸಿಕೊಂಡೆ. ಈ ಹುಡುಗಿ ನನ್ನ ಅಕ್ಕನನ್ನು ಕೇಳಿ ತಿಳಿದುಕೊಂಡಳು. ದ್ರೋಹ ಅಂತ ಏನಾದರೂ ಇದ್ದರೆ ಅದು ನನ್ನ ಪುಸ್ತಕದ್ದು."

ವಿಮರ್ಶಕರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದರೆ ನಾನು ಬರೆದದ್ದು ತಪ್ಪಾಯಿತಲ್ಲ, ಸ್ವಾಮಿ?"

"ನೀವು ನನ್ನ ಪುಸ್ತಕವನ್ನು ನಂಬಿದಿರಿ, ಅಷ್ಟೇ. ನೀವು ಬೈಯದೇ ಇದ್ದಿದ್ದರೆ ಅಕ್ಕ ನನ್ನೆದುರು ಬಾಯಿ ಬಿಡುತ್ತಿರಲಿಲ್ಲ. ಆ ಪರಮಾತ್ಮ ನಿಮ್ಮ ಕೈಯಲ್ಲಿ ಬರೆಸಿ ನನ್ನ ಕಣ್ಣು ತೆರೆಸಿದ. ನಿಮಗೂ ಕೈ ಮುಗೀತೀನಿ."

ವಿಮರ್ಶಕರು ಎದ್ದುಬಂದು ನಿರ್ದೇಶಕಿಯ ಪಕ್ಕದಲ್ಲಿ ಕೂತರು. "ಇನ್ನೇನೇನು ಹೇಳಿದರಮ್ಮ ಆ ಅಕ್ಕ?"

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಬೇಕಾದಷ್ಟು ಹೇಳಿದ್ದಾರೆ ಸರ್. ಎಲ್ಲ ಸಿನಿಮಾದಲ್ಲಿ ಸೇರಿಸೋಕೆ ಆಗಲಿಲ್ಲ."

ಕಾದಂಬರಿಕಾರನೂ ತನ್ನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.