ಮುಂದಿನ ಶಾಫ್ಟು

ಸಂಕಪ್ಪ ಶೆಟ್ಟರ ಜೀಪಿನ ಡ್ರೈವರ್ ನಾನು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಏಲಂ ಹಾಕಿದ ಗಾಡಿ ಅದು. ನಾಲ್ಕು ಕೈ ದಾಟಿ ಕೊಕ್ಕಡಕ್ಕೆ ಬರುವಷ್ಟರಲ್ಲಿ ಮುದಿಯಾಗಿತ್ತು. ಆದರೂ ನಮ್ಮ ಕಡೆ ಜೀಪು ಅಂದರೆ ಅದೊಂದೇ, ಅದರ ಸೀಟಿನಲ್ಲಿ ಕೂತ ನನಗೆ ಶೆಟ್ಟರಿಗಿಂತ ಹೆಚ್ಚು ಗತ್ತು. ಬೇರೆ ಗಾಡಿಯಲ್ಲಿ ಹಿಂದಿನ ಎರಡು ಚಕ್ರ ಮಾತ್ರ ದೂಡುತ್ತವೆ, ಇದರಲ್ಲಿ ಸಣ್ಣ ಲಿವರ್ ಎಳೆದರೆ ನಾಲ್ಕೂ ಚಕ್ರ ಎಳೆಯುತ್ತವೆ, ಹೊಳೆಯ ಮರಳೂ ಇದಕ್ಕೆ ಡಾಂಬರು ರಸ್ತೆಯೇ ಎಂದು ಊರಿಗೆಲ್ಲ ಸಾರಿದ್ದೆ.

ಮುಂದಿನ ಚಕ್ರಕ್ಕೆ ಆ ಎಳೆತ ಹೋಗುವುದು ಎರಡಡಿ ಉದ್ದದ ಒಂದು ಕಬ್ಬಿಣದ ಕೊಳವೆಯಿಂದ. ಮುಂದಿನ ಶಾಫ್ಟು ಅಂತ ಅದರ ಹೆಸರು. ೧೯೬೧ರ ದೀಪಾವಳಿ ಕಳೆದ ಮೇಲೆ ಅದರ ಗಂಟಿನಲ್ಲಿ ಕಟಕಟ ಸದ್ದು ಶುರುವಾಯಿತು. ಗಾಡಿಯನ್ನು ಬಿ.ಸಿ.ರೋಡಿಗೆ ಒಯ್ದೆ. ಮೆಕ್ಯಾನಿಕ್ ಅಬ್ದುಲ್ ಶುಕೂರ್ ಅಡಿಗೆ ಮಲಗಿ ಅಲ್ಲಾಡಿಸಿ ನೋಡಿದ.

"ಸವೆದಿದೆ, ಆದ್ರೆ ಇನ್ನೊಂದು ಮಳೆಗಾಲಕ್ಕೆ ಬಾಳಿಕೆ ಬರ್ತದೆ. ಬೇಸಗೆಯಲ್ಲಿ ಬಿಚ್ಚಿ ಇಡು ಮಾರಾಯ, ಪೆಟ್ರೋಲ್ ಉಳಿತದೆ. ಮಳೆ ಹಿಡಿಯುವ ಮೊದ್ಲು ಹಾಕುವ."

"ಎಲ್ಲ ಜೀಪಿನವರೂ ಹಾಗೇ ಮಾಡುವುದಲ್ವಾ?"

"ಮಾಡ್ತಾರೆ. ಆದ್ರೆ ಶಾಫ್ಟನ್ನು ಗಾಡಿಯಲ್ಲೇ ಇಟ್ಟುಕೋ. ಹೊಯಿಗೆಗೆ, ಹೊಳೆಯ ಮರಳಿಗೆ ಇಳಿಸುವುದಾದ್ರೆ ನಾಲ್ಕು ಬೋಲ್ಟು ಈಚೆ, ನಾಲ್ಕು ಬೋಲ್ಟು ಆಚೆ, ಅಷ್ಟೇ ಕೆಲಸ."

ಬಿಚ್ಚಿದ್ದನ್ನು ಒಂದು ವಾರ ಸೀಟಿನ ಹಿಂದೆ ಇಟ್ಟೆ. ಆಮೇಲೆ ನೆರೆಯ ತುಕ್ರಪ್ಪ ಗೌಡ ಅದನ್ನು ನೋಡಿದ. ಬೆರಳ ಗಂಟಿನಿಂದ ಬಡಿದ. ಟೊಳ್ಳು ಕೊಳವೆ, ಗಂಟೆಯ ಹಾಗೆ ನಾದ ಬಂತು. ಅವನ ಕೊಳಕೆ ಗದ್ದೆಗೆ, ಅಂದರೆ ಬೇಸಗೆಯ ಮೂರನೇ ಬೆಳೆಗೆ, ಹಂದಿಗಳ ಕಾಟ. ಕಾವಲು ಗುಡಿಸಲಲ್ಲಿ ಕಟ್ಟಿ ಬಡಿಯಲಿಕ್ಕೆ ಬೇಕು ಅಂದ. ಕೊಟ್ಟೆ. ಊರಿನ ಯಾರಿಗೂ ಅದು ಏನೆಂದು ಹೇಳಲಿಲ್ಲ, ತುಕ್ರಪ್ಪನಿಗೂ. ಹೇಳಿದರೆ ನಾಲ್ಕು ಚಕ್ರದ ಮರ್ಯಾದೆ ಹೋಗುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುತ್ತಾರಲ್ಲ, ಆ ಜಾತಿಯ ಮನುಷ್ಯ ನಾನು.

ಏಪ್ರಿಲಿನ ಒಂದು ಬೆಳಿಗ್ಗೆ, ಕೊಯ್ಲಿನ ಹೊತ್ತಿಗೆ, ನಿಂತ ಪೈರಿನೊಳಗೆ ಮಲಗಿದ್ದ ಹಂದಿ ಎದ್ದು ತುಕ್ರಪ್ಪನ ತೊಡೆಯನ್ನು ಸೀಳಿತು. ನಾನು ಓಡಿ ಹೋದಾಗ ಅವನ ಹೆಂಡತಿ ಪದ್ಮಾಕ್ಷಿ ತೊಡೆಯ ಬುಡಕ್ಕೆ ತಲೆಗೆ ಸುತ್ತುವ ಬೈರಾಸು ಬಿಗಿದು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಅವನ ತಮ್ಮ ಕುಶಾಲಪ್ಪನೂ ಕೊಯ್ಲಿಗೆ ಬಂದಿದ್ದ ಧರ್ಣಪ್ಪನೂ ಬಿದಿರಿಗೆ ಕಂಬಳಿ ಕಟ್ಟುತ್ತಿದ್ದರು.

"ಎತ್ತಿಕೊಂಡೇ ಹೋಗುವ" ಅಂದ ಕುಶಾಲಪ್ಪ. "ಕಾಲು ಗಂಟೆಯಲ್ಲಿ ಹೊಳೆ ದಾಟ್ತೇವೆ. ಆಚೆ ಧರ್ಮಸ್ಥಳದ ರಸ್ತೆಯಲ್ಲಿ ಯಾವುದಾದ್ರೂ ಲಾರಿ ಸಿಗ್ತದೆ."

"ಜೀಪು ಇರುವಾಗ ಹೆಣ ಹೊತ್ತ ಹಾಗೆ ಹೊರುವುದಾ?" ಅಂದೆ ನಾನು. "ಬಿಚ್ಚಿ ಆ ಕಂಬಳಿ. ಸೀದಾ ಬೆಳ್ತಂಗಡಿ ಆಸ್ಪತ್ರೆಗೆ ಮುಟ್ಟಿಸ್ತೇನೆ."

ಅವರು ಬಿಚ್ಚಿದರು. ನನಗೆ ಶಾಫ್ಟಿನ ನೆನಪಿರಲಿಲ್ಲ ಎಂದು ಈಗ ಬರೆಯಬಹುದಿತ್ತು. ಬರೆದರೆ ಸುಳ್ಳು. ಅದು ತೂಗುತ್ತಿದ್ದ ಗುಡಿಸಲು ಅಲ್ಲಿಂದ ಮೂವತ್ತು ಮಾರು, ಕಣ್ಣೆದುರೇ ಇತ್ತು. ಎರಡು ಸಲ ಬೆಳಗಿನ ತಂಪಿನಲ್ಲಿ, ಹೊಳೆಯ ಮರಳು ಗಟ್ಟಿ ಇದ್ದಾಗ, ಖಾಲಿ ಗಾಡಿಯನ್ನು ಹಿಂದಿನ ಚಕ್ರದಲ್ಲೇ ದಾಟಿಸಿದ್ದೆ. ಈಗಲೂ ದಾಟೀತು ಅಂದುಕೊಂಡೆ.

ಗಾಡಿಯಲ್ಲಿ ಐದು ಜನ. ಹತ್ತೂವರೆಯ ಬಿಸಿಲಿಗೆ ಮರಳು ಹುಡಿಹುಡಿಯಾಗಿತ್ತು. ಹೊಳೆಯ ನಡುವಿಗೆ ಬರುವಾಗ ಹಿಂಭಾಗ ಕುಸಿಯಿತು. ಎಲ್ಲರೂ ನೋಡುತ್ತಿದ್ದರು, ನಾನು ಸಣ್ಣ ಲಿವರನ್ನು ಗತ್ತಿನಿಂದ ಎಳೆದೆ. ಹಿಂದಿನ ಚಕ್ರ ಮರಳು ತೋಡಿತು. ಮುಂದಿನ ಚಕ್ರ ಅಲ್ಲಾಡಲಿಲ್ಲ.

"ಮುಂದಿನದ್ದು ತಿರುಗುದೇ ಇಲ್ಲ ಅಲ್ಲ?" ಕುಶಾಲಪ್ಪ ಬಗ್ಗಿ ನೋಡಿ ಕೇಳಿದ.

"ಒಳಗೆ ಏನೋ ಸಿಕ್ಕಿಕೊಂಡಿದೆ. ಮಡಲು ತನ್ನಿ."

ತೆಂಗಿನ ಮಡಲು ತಂದು ಚಕ್ರದಡಿ ಹಾಕಿದರು, ದೂಡಿದರು. ಗಾಡಿ ಒಂದು ಮಾರು ಹೋಗಿ ಮತ್ತೆ ಕೂತಿತು. ಟಯರಿನ ಗಾಳಿ ಇಳಿಸಿದೆ. ಕೈಯಿಂದ ಮರಳು ಬಗೆದೆ. ಎತ್ತಿಕೊಂಡು ಹೋಗುವ ಎಂದು ಧರ್ಣಪ್ಪ ಎರಡು ಸಲ ಹೇಳಿದ, ಎರಡು ಸಲವೂ ಇನ್ನೊಂದೇ ಸಲ ನೋಡುವ ಅಂದೆ. ತುಕ್ರಪ್ಪ ನೀರು ಕೇಳಿದ. ಮತ್ತೆ ಕೇಳಲಿಲ್ಲ. ಹಿಂದಿನ ಅಚ್ಚು ಮರಳಿಗೆ ತಾಗಿದ ಮೇಲೆ ಅವರು ನನ್ನನ್ನು ಕೇಳದೆ ಅವನನ್ನು ಎತ್ತಿಕೊಂಡರು. ಕಂಬಳಿ ಗದ್ದೆಯ ಬದಿಯಲ್ಲೇ ಉಳಿದಿತ್ತು. ಕೈಯಲ್ಲೇ ಹೊತ್ತರು.

ಆಚೆ ಬದಿಯಲ್ಲಿ ಲಾರಿ ಸಿಕ್ಕಿತು. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣು ಬಿಡಿಸಿ ನೋಡಿದರು, ಬೈರಾಸಿನ ಗಂಟು ನೋಡಿದರು.

"ಕಟ್ಟಿದ್ದು ಸರಿ ಉಂಟು. ಬಂದದ್ದು ತಡ" ಅಂದರು.

ತುಕ್ರಪ್ಪನ ಉತ್ತರಕ್ರಿಯೆಗೆ, ಬೊಜ್ಜದ ಊಟಕ್ಕೆ, ನನ್ನನ್ನೂ ಕರೆದರು. ಕೊನೆಯ ತನಕ ಕೈಯಲ್ಲಿ ಮರಳು ಬಗೆದವ ಎಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ನಾಚಿಕೆಯಿಂದ ಸತ್ತೇ ಹೋಗಬೇಕು ಅನ್ನಿಸಿತು. ಆದರೂ ಎಲೆ ಖಾಲಿ ಮಾಡಿ ಎದ್ದೆ.

ಸಾವಿನಿಂದ ಕೊಯ್ಲು ನಿಂತಿತ್ತು, ಅರ್ಧ ಗದ್ದೆ ಹಾಗೇ ಇತ್ತು. ದಿನವೂ ಸಂಜೆ ಪದ್ಮಾಕ್ಷಿ ಗುಡಿಸಲಲ್ಲಿ ಕೂತು ಆ ಕಬ್ಬಿಣ ಬಡಿಯುತ್ತಿದ್ದಳು. ನಮ್ಮ ಜಗಲಿಗೆ ನೆಟ್ಟಗೆ ಕೇಳುತ್ತಿತ್ತು. ಕಿವಿಗೆ ಹತ್ತಿ ಇಟ್ಟು ನೋಡಿದೆ, ಎದ್ದು ಪೇಟೆಗೆ ಹೋಗಿ ನೋಡಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಳೆಗೆ ಮೊದಲು ಗಾಡಿ ಸರಿ ಮಾಡಿಸು ಎಂದು ಶೆಟ್ಟರು ಹೇಳಿದ ದಿನ, ಹೊತ್ತು ಇಳಿಯುವಾಗ, ಗದ್ದೆಗೆ ಹೋದೆ.

"ಆ ಕಬ್ಬಿಣ ಬೇಕಿತ್ತು" ಅಂದೆ.

"ನಿಮ್ಮದೇ ಅಲ್ವಾ ಶೇಖರಣ್ಣ. ವಾಪಸು ಕೊಡಬೇಕು ಅಂತ ಅವರು ಹೇಳ್ತಾ ಇದ್ರು." ಅವಳೇ ಹಗ್ಗ ಬಿಚ್ಚಿದಳು. "ಇದು ಯಾವುದರದ್ದು?"

ಹಳೆಯ ಪೈಪು ಎಂದು ಹೇಳಲು ಬಾಯಿ ತೆರೆದೆ. ಬರಲಿಲ್ಲ.

"ಜೀಪಿನದ್ದು. ಮುಂದಿನ ಚಕ್ರ ತಿರುಗಲಿಕ್ಕೆ ಇದು ಬೇಕು."

ಅವಳು ಕಬ್ಬಿಣವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಗದ್ದೆಯ ತುದಿಯಲ್ಲಿ ಯಾರೋ ದನ ಕರೆಯುತ್ತಿದ್ದರು.

"ಅವರೇ ಕೇಳಿ ತಂದದ್ದಲ್ವಾ" ಅಂದಳು. "ನಮ್ಮ ಗುಡಿಸಲಲ್ಲೇ ಇತ್ತಲ್ಲ. ನಮ್ಮದೇ ಗ್ರಹಚಾರ."

ಅಲ್ಲಿಗೆ ಬಿಟ್ಟು ಬರಬಹುದಿತ್ತು. ನಾನು ಕೈ ಚಾಚಿದ್ದೆ ಕೂಡ. ಆಗ ಅವಳು ತಲೆಯೆತ್ತಿದಳು.

"ಅವತ್ತು ಕಂಬಳಿ ಬಿಚ್ಚಿ ಅಂತ ಹೇಳುವಾಗ ನಿಮಗೆ ಇದರ ನೆನಪು ಇತ್ತಾ?"

"ಇತ್ತು" ಅಂದೆ.

ಅವಳು ಶಾಫ್ಟನ್ನು ನನ್ನ ಕಾಲ ಬಳಿ ನೆಲದ ಮೇಲೆ ಇಟ್ಟಳು. ಮೂಲೆಯಲ್ಲಿದ್ದ ಹಳೆಯ ಎಣ್ಣೆ ಡಬ್ಬವನ್ನು ಅದೇ ಹಗ್ಗಕ್ಕೆ ಕಟ್ಟಿ, ನನ್ನ ಕಡೆ ನೋಡದೆ ಬಡಿಯತೊಡಗಿದಳು.